ದನಿಗೂ ಜೀತವೇ?

ನಮ್ಮ ಮೇಲೆ ಎರಡು ಆಪಾದನೆಗಳು ಬಂದಿವೆ. ಎರಡಕ್ಕೂ ಇಲ್ಲೇ ಉತ್ತರ ಹೇಳಿಬಿಡುತ್ತೇವೆ. ಬೆನ್ನ ಹಿಂದೆ ಮಾತಾಡುವ ಚಾಳಿ ನಮಗಿಲ್ಲ.

ಏಪ್ರಿಲ್ 14ರ ಬಾಬಾಸಾಹೇಬರ ಜಯಂತಿಗೆ ಹುಣಸೂರಿನಲ್ಲಿ ನಾವು ಮಾಡಿದ ಸಣ್ಣ ಸಭೆಯಲ್ಲಿ ನಾಲ್ಕು ಜನ ಹುಡುಗಿಯರು ವೇದಿಕೆ ಹತ್ತಿದರು. ಒಬ್ಬಳು ಹುಣಸೂರು ಸೀಮೆಯವಳು, ಒಬ್ಬಳು ಪಿರಿಯಾಪಟ್ಟಣದ ಕಡೆಯವಳು, ಒಬ್ಬಳು ಕೆ.ಆರ್. ನಗರದ ನಾಲೆ ಬಯಲಿನವಳು, ಇನ್ನೊಬ್ಬಳು ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯವಳು. ಒಂದೇ ಹಾಸ್ಟೆಲಿನಲ್ಲಿ ಒಂದೇ ಪಾತ್ರೆಯ ನೀರುಸಾರು ಉಂಡು ಓದುತ್ತಿರುವವರು. ಒಬ್ಬಳ ಕೊರಳಿಗೆ ತಮಟೆ. ಉಳಿದ ಮೂವರ ಕೈಗೆ ಮೈಕು. ಹಾಡೂ ಅಲ್ಲ, ಮಾತೂ ಅಲ್ಲ, ಎರಡರ ನಡುವಿನ ಒಂದು ಧಾಟಿ. ತಾಳಕ್ಕೆ ಪದ, ಪದಕ್ಕೆ ಪ್ರಾಸ, ಪ್ರಾಸಕ್ಕೊಂದು ಏಟು. ಹೊಗೆಸೊಪ್ಪು ಕಟ್ಟಿ ಕಟ್ಟಿ ಅಂಟು ಹಿಡಿದು ಕಪ್ಪಾದ ಅವ್ವನ ಬೆರಳು, ಬಸ್ಸಿನ ನೂಕುನುಗ್ಗಲಲ್ಲಿ ಮೈಮೇಲೆ ಹರಿಯುವ ಕೈ, ಬಾಡಿಗೆ ಮನೆ ಕೇಳಿದರೆ 'ನೀವು ಯಾವ ಜನ?' ಅನ್ನುವ ಬಾಯಿ, ಹುಲಿಗೆ ಜಾಗ ಬಿಟ್ಟು ಎದ್ದು ಬಂದ ಹಾಡಿ, ಎಲ್ಲಾ ಬಂತು. ಇದಕ್ಕೆ ರ‍್ಯಾಪ್ ಅಂತ ಹೆಸರು. ಫೋನಿನಲ್ಲಿ ಕೇಳಿ ಕಲಿತದ್ದು.

ಸಭೆ ಮುಗಿದ ಮೇಲೆ ಹಿರಿಯ ಜಾನಪದ ವಿದ್ವಾಂಸರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. 'ಏನಯ್ಯಾ ಇದು, ಅಮೆರಿಕದ ಕಸ! ಇವರ ಅಜ್ಜಿಯರು ಎಂಥಾ ಸೋಬಾನೆ ಹಾಡ್ತಿದ್ರು. ಅದನ್ನ ಹಾಡಿಸೋದು ಬಿಟ್ಟು ಮಕ್ಕಳನ್ನ ಕೆಡಿಸ್ತಿದ್ದೀರಲ್ಲ' ಎಂದರು. ಅವರು ಬಸ್ಸು ಹತ್ತಿದ ಮೇಲೆ ನಮ್ಮ ಸಂಗಾತಿಯೊಬ್ಬರು, ಭೂಮಿ ಹೋರಾಟದಲ್ಲಿ ಜೈಲು ಕಂಡವರು, ಇನ್ನೂ ಗರಂ ಆದರು. 'ಇದು ಬಂಡವಾಳಶಾಹಿಯ ಸರಕು ಕಣ್ರೀ. ಅಂಗಡೀಲಿ ಲಕ್ಷಗಟ್ಟಲೆ ಮಾರಾಟ ಆಗೋದು ಬಂಡಾಯ ಹೆಂಗಾಗ್ತದೆ?' ಎಂದರು.

ಒಬ್ಬರಿಗೆ ಅದು ಪರದೇಶದ್ದು. ಇನ್ನೊಬ್ಬರಿಗೆ ಅದು ಅಂಗಡಿಯದು. ಇಬ್ಬರೂ ಆ ನಾಲ್ವರು ಹುಡುಗಿಯರನ್ನು ಮಾತ್ರ ಏನೂ ಕೇಳಲಿಲ್ಲ.

ನಾವು ಹೇಳುವುದು ಇಷ್ಟು. ಹೆಣ್ಣಿನ ದನಿ ಮಾರಾಟವಾದದ್ದು ತಪ್ಪಲ್ಲ. ಆ ಮಾರಾಟದ ಲೆಕ್ಕದ ಪುಸ್ತಕ ಅವಳ ಕೈಗೆ ಬಾರದೆ ಹೋದದ್ದು ತಪ್ಪು. ನ್ಯೂಯಾರ್ಕಿನಲ್ಲೂ ಅಷ್ಟೆ, ಪಿರಿಯಾಪಟ್ಟಣದಲ್ಲೂ ಅಷ್ಟೆ. ಇದನ್ನು ತೋರಿಸಲು ಒಂದು ಆಲ್ಬಮ್ ಸಾಕು. ಹೆಸರು 'ಹಾಟ್, ಕೂಲ್ ಅಂಡ್ ವಿಷಸ್'. ಹಾಡಿದವರು ಸಾಲ್ಟ್-ಎನ್-ಪೆಪಾ. ಬಂದದ್ದು 1986ರ ಡಿಸೆಂಬರಿನಲ್ಲಿ. ಅಮೆರಿಕದಲ್ಲಿ 10 ಲಕ್ಷದ ಗೆರೆ ಮುಟ್ಟಿ 'ಪ್ಲಾಟಿನಂ' ಅನ್ನಿಸಿಕೊಂಡ, ಹೆಣ್ಣುಮಕ್ಕಳ ರ‍್ಯಾಪ್ ತಂಡದ ಮೊದಲ ಆಲ್ಬಮ್ ಅದು.

1

ಮೊದಲು 'ಅಮೆರಿಕದ ಕಸ' ಅಂದ ಹಿರಿಯರಿಗೆ.

ಸ್ವಾಮಿ, ಆ ಕಸ ಎಲ್ಲಿ ಹುಟ್ಟಿತು ಗೊತ್ತೇ? ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಕಡೆ. ನಡು ಬಡಾವಣೆ ಸೀಳಿ ಹೆದ್ದಾರಿ ಎಳೆದು ಬಡವರನ್ನು ಎತ್ತಂಗಡಿ ಮಾಡಿದ ಜಾಗ. ಬೆಂಕಿ ಬಿದ್ದ ಮನೆಗಳ ಸಾಲು. ಅಲ್ಲಿ ಸೆಡ್ಜ್‌ವಿಕ್ ಅವೆನ್ಯೂವಿನ 1520ನೇ ನಂಬರಿನ ಕಟ್ಟಡದಲ್ಲಿ 1973ರ ಆಗಸ್ಟ್ 11ರಂದು ಒಂದು ಕುಣಿತದ ಕೂಟ ನಡೆಯಿತು. ಜಮೈಕಾದಿಂದ ವಲಸೆ ಬಂದ ಕುಟುಂಬದ ಹುಡುಗ ಕ್ಲೈವ್ ಕ್ಯಾಂಬೆಲ್ ತಟ್ಟೆ ತಿರುಗಿಸಿದ. ಅವನನ್ನು ಕೂಲ್ ಹರ್ಕ್ ಎನ್ನುತ್ತಾರೆ, ಹಿಪ್-ಹಾಪ್‌ನ ತಂದೆ ಎನ್ನುತ್ತಾರೆ. ಆದರೆ ಆ ಕೂಟ ಏರ್ಪಡಿಸಿದ್ದು ಅವನ ತಂಗಿ ಸಿಂಡಿ. ಯಾಕೆ? ಸ್ಕೂಲಿಗೆ ಹೋಗೋಕೆ ಹೊಸ ಬಟ್ಟೆ ಬೇಕಿತ್ತು, ಅದಕ್ಕೆ ಕಾಸು ಕೂಡಿಸಬೇಕಿತ್ತು. ತಂದೆಯ ಹೆಸರು ಲೋಕಕ್ಕೆಲ್ಲ ಗೊತ್ತು. ತಂಗಿಯ ಹೆಸರು ಎಷ್ಟು ಜನಕ್ಕೆ ಗೊತ್ತು?

ಅದೇ 1973ರ ನವೆಂಬರಿನಲ್ಲಿ ನಮ್ಮ ಮೈಸೂರಿನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಹುಣಸೂರಿನ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲ. ಅವರ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದೆಲ್ಲ ಬೂಸಾ ಎಂದರು. ದನಕ್ಕೆ ಹಾಕುವ ಬೂಸಾ. ಊರೆಲ್ಲ ಹೊತ್ತಿ ಉರಿಯಿತು, ಹಾಸ್ಟೆಲುಗಳ ದಲಿತ ಹುಡುಗರು ಏಟು ತಿಂದರು, ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಆ ಏಟಿನ ಬಾಸುಂಡೆಯಿಂದಲೇ ಕರ್ನಾಟಕದಲ್ಲಿ ದಲಿತ ಚಳವಳಿ ಎದ್ದು ನಿಂತಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಯಾವುದು ಸಾಹಿತ್ಯ ಯಾವುದು ಕಸ ಅಂತ ತೀರ್ಮಾನ ಮಾಡುವ ಹಕ್ಕು ಯಾರ ಜೇಬಿನಲ್ಲಿದೆ ಎಂದು ಕೇಳಿಯೇ ನಾವು ಹುಟ್ಟಿದ್ದು. ಅಂಥಾ ನಾವು ಇವತ್ತು ನಾಲ್ವರು ಹಾಸ್ಟೆಲ್ ಹುಡುಗಿಯರ ಮುಂದೆ ನಿಂತು 'ಇದು ಕಸ' ಅನ್ನಬೇಕೇ?

ಇನ್ನು ಪರದೇಶದ ಮಾತು. 1946ರಲ್ಲಿ ಅಂಬೇಡ್ಕರರು ಅಮೆರಿಕದ ಕಪ್ಪು ಚಿಂತಕ ಡು ಬೊಯಿಸರಿಗೆ ಕಾಗದ ಬರೆದರು. 1966ರಲ್ಲಿ ಓಕ್ಲೆಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು, 1972ರಲ್ಲಿ ಮುಂಬಯಿಯ ದಲಿತ ಹುಡುಗರು ಆ ಹೆಸರನ್ನೇ ಎತ್ತಿಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. ಅದನ್ನು ನಾವು ಎರವಲು ಅಂದುಕೊಳ್ಳಲಿಲ್ಲ, ನೆಂಟಸ್ತನ ಅಂದುಕೊಂಡೆವು. ಗಂಡಸರು ನೆಂಟಸ್ತನ ಮಾಡಿದರೆ ಚರಿತ್ರೆ, ಹುಡುಗಿಯರು ಮಾಡಿದರೆ ಕೆಟ್ಟುಹೋಗುವುದೋ?

2

ಈಗ ಆ ಆಲ್ಬಮ್ಮಿನ ಕತೆ.

ಚೆರಿಲ್ ಜೇಮ್ಸ್, ಸಾಂಡ್ರಾ ಡೆಂಟನ್. ಒಬ್ಬಳು ಸಾಲ್ಟ್, ಇನ್ನೊಬ್ಬಳು ಪೆಪಾ. ಉಪ್ಪು, ಮೆಣಸು. ಸಾಂಡ್ರಾ ಹುಟ್ಟಿದ್ದು ಜಮೈಕಾದಲ್ಲಿ. ಇಬ್ಬರೂ ನ್ಯೂಯಾರ್ಕಿನ ಕ್ವೀನ್ಸ್‌ಬರೋ ಕಮ್ಯೂನಿಟಿ ಕಾಲೇಜಿನಲ್ಲಿ ಓದುತ್ತಾ, ಸಿಯರ್ಸ್ ಅನ್ನುವ ದೊಡ್ಡ ಅಂಗಡಿ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಅಲ್ಲೇ ಕೆಲಸಕ್ಕಿದ್ದ ಹರ್ಬಿ ಅಜೋರ್ ಎಂಬ ಹುಡುಗ ತನ್ನ ಓದಿನ ಭಾಗವಾಗಿ ಒಂದು ಹಾಡು ಮಾಡಬೇಕಿತ್ತು. ಇವರಿಬ್ಬರನ್ನು ಕರೆದು ಹಾಡಿಸಿದ. ಅದು 1985. ಆಗ ಇಬ್ಬರು ಗಂಡಸರು ಹೇಳಿದ ರ‍್ಯಾಪ್ ಒಂದು ಬೀದಿಬೀದಿಯಲ್ಲಿ ಮೊಳಗುತ್ತಿತ್ತು. ಈ ಹುಡುಗಿಯರ ಹಾಡು ಅದಕ್ಕೆ ಕೊಟ್ಟ ಎದುರುತ್ತರ.

ಎದುರುತ್ತರ! ಇದು ನಮಗೆ ಹೊಸದೇ? ನಮ್ಮ ನಾಲ್ಕೂ ತಾಲ್ಲೂಕಿನ ಮದುವೆ ಮನೆಗಳಲ್ಲಿ ಬೀಗರ ಪದ ಕೇಳದವರು ಯಾರು? ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರ ಮೂಗು, ಮೀಸೆ, ಹೊಟ್ಟೆ, ಜಿಪುಣತನ ಯಾವುದನ್ನೂ ಬಿಡದೆ ಹಂಗಿಸಿ ಹಾಡುತ್ತಾರೆ. ಆ ಕಡೆಯಿಂದ ಅದಕ್ಕೆ ಉತ್ತರ ಬರುತ್ತದೆ. ಪ್ರಾಸ ತಪ್ಪಿದವರು ಸೋತರು. ಅಲ್ಲಿ ಪೋಲಿ ಪದವೂ ಬರುತ್ತದೆ, ಸೆರಗು ಬಾಯಿಗೆ ಅಡ್ಡ ಹಿಡಿದು ನಗುವ ಅತ್ತೆಯರೂ ಇರುತ್ತಾರೆ. ಇದೇ ಪದಗಳು ಪುಸ್ತಕಕ್ಕೆ ಏರುವಾಗ ಎಷ್ಟೋ ಸಲ ಜರಡಿ ಹಿಡಿಸಿಕೊಂಡವು. ಪೋಲಿಯೆಲ್ಲ ಉದುರಿ ಪಾವಿತ್ರ್ಯ ಮಾತ್ರ ಉಳಿಯಿತು. ಹಿರಿಯರು 'ಅಜ್ಜಿಯರ ಸೋಬಾನೆ' ಅಂತ ಕಣ್ಣೊದ್ದೆ ಮಾಡಿಕೊಳ್ಳುವುದು ಆ ಜರಡಿ ಹಿಡಿದ ಸೋಬಾನೆಗೆ. ನಿಜವಾದ ಅಜ್ಜಿ ಎದ್ದು ಬಂದು ಹಾಡಿದರೆ ಅವರು ಅಲ್ಲಿಂದಲೂ ಎದ್ದು ಹೋದಾರು.

ಸಾಲ್ಟ್-ಎನ್-ಪೆಪಾ ಆಲ್ಬಮ್ಮಿನ ಒಂದು ಹಾಡು 'ಟ್ರ್ಯಾಂಪ್'. ನಡತೆಗೆಟ್ಟ ಹೆಣ್ಣು ಅಂತ ಬೈಯಲು ಅವರ ಭಾಷೆಯಲ್ಲಿ ಬಳಸುವ ಪದ. ಇವರು ಆ ಪದವನ್ನು ಎತ್ತಿ ಹೆಣ್ಣುಗಳ ಬೆನ್ನು ಹತ್ತುವ ಗಂಡಸರ ಮೇಲೆ ಎಸೆದರು. ಬೈದವನ ಕಲ್ಲು ಬೈದವನಿಗೇ. ಆ ಹಾಡಿನ ತಟ್ಟೆಯ ಹಿಂಬದಿಯಲ್ಲಿ, ಯಾರೂ ಲೆಕ್ಕಕ್ಕೆ ಇಡದ ಜಾಗದಲ್ಲಿ, 'ಪುಶ್ ಇಟ್' ಅನ್ನುವ ಇನ್ನೊಂದು ಹಾಡಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ಡಿಜೆ ಅದನ್ನು ಎತ್ತಿ ಬೇರೆ ರೀತಿ ಕೂಡಿಸಿ ಕೇಳಿಸಿದ. ಹಿಂಬದಿಯದು ಮುಂದಕ್ಕೆ ಬಂದು ದೇಶದ ಪಟ್ಟಿಯಲ್ಲಿ 19ನೇ ಜಾಗಕ್ಕೆ ಏರಿತು. 1988ರಲ್ಲಿ ಆಲ್ಬಮ್ ಪ್ಲಾಟಿನಂ ಆಯಿತು. ಅಷ್ಟರಲ್ಲಿ ತಂಡಕ್ಕೆ ಮೂರನೆಯವಳು ಸೇರಿದ್ದಳು. ತಟ್ಟೆ ತಿರುಗಿಸುವ ಡೀಡ್ರಾ ರೋಪರ್, ಹೆಸರು ಸ್ಪಿಂಡರೆಲ್ಲಾ.

ಮರುವರ್ಷ ಏನಾಯಿತು ನೋಡಿ. 1989ರಲ್ಲಿ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ ಗ್ರ್ಯಾಮಿಯವರು ಮೊದಲ ಸಲ ರ‍್ಯಾಪ್‌ಗೂ ಒಂದು ಪ್ರಶಸ್ತಿ ಇಟ್ಟರು. ಈ ಹುಡುಗಿಯರ ಹೆಸರೂ ಸ್ಪರ್ಧೆಯಲ್ಲಿತ್ತು. ಆದರೆ ಆ ಪ್ರಶಸ್ತಿ ಕೊಡುವುದನ್ನು ಟೀವಿಯಲ್ಲಿ ತೋರಿಸುವುದಿಲ್ಲ ಎಂದರು. ಕೇರಿಯವರನ್ನು ಮದುವೆಗೆ ಕರೆದು, ಊರವರ ಪಂಕ್ತಿ ಎಲ್ಲಾ ಎದ್ದ ಮೇಲೆ ಹಿತ್ತಲಲ್ಲಿ ಎಲೆ ಹಾಕಿದ ಹಾಗೆ. ಸಾಲ್ಟ್-ಎನ್-ಪೆಪಾ ಆ ಸಮಾರಂಭಕ್ಕೆ ಹೋಗಲೇ ಇಲ್ಲ. ಇನ್ನೂ ಕೆಲವರು ಹೋಗಲಿಲ್ಲ. ಹಿತ್ತಲ ಎಲೆ ನಮಗೆ ಬೇಡ ಅಂತ ಎದ್ದು ಬಂದ ಅನುಭವ ನಮ್ಮ ಓದುಗರಿಗೆ ವಿವರಿಸಬೇಕಿಲ್ಲ.

ಅಂಗಡಿಯಲ್ಲಿ ಮಾರಾಟವಾದದ್ದು ಬಂಡಾಯ ಹೆಂಗಾಗ್ತದೆ ಎಂದ ಸಂಗಾತಿಗೆ ಇದೇ ನಮ್ಮ ಮೊದಲ ಉತ್ತರ. 10 ಲಕ್ಷ ಪ್ರತಿ ಮಾರಿದವರು ಆ ಮಾರಾಟದ ಬಲದಿಂದಲೇ ಬಾಗಿಲಿಗೆ ಬೆನ್ನು ತಿರುಗಿಸಿದರು. 1991ರಲ್ಲಿ ಕಾಮದ ಬಗ್ಗೆ ಮುಚ್ಚುಮರೆ ಬಿಟ್ಟು ಮಾತಾಡೋಣ ಎಂಬ ಅವರ ಹಾಡು ಮನೆಮಾತಾಯಿತು. ಮರುವರ್ಷ ಅದೇ ಹಾಡಿನ ಪದ ಬದಲಿಸಿ ಏಡ್ಸ್ ಬಗ್ಗೆ ತಿಳಿವಳಿಕೆ ಹಾಡು ಮಾಡಿದರು. ಆ ರೋಗದ ಹೆಸರು ಹೇಳಲೂ ಜನ ಹೆದರುತ್ತಿದ್ದ ಕಾಲ ಅದು. ಕರಪತ್ರಕ್ಕೆ ಕಿವಿಗೊಡದವರು ಹಾಡಿಗೆ ಕಿವಿಗೊಟ್ಟರು.

3

ಹಾಗಂತ ನಾವು ಕುಣಿಯುತ್ತಾ ಕೂರುವವರಲ್ಲ. ಈಗ ಲೆಕ್ಕದ ಪುಸ್ತಕ ತೆಗೆಯೋಣ.

ಆ ಮೊದಲ ಆಲ್ಬಮ್ಮಿನ ನಿರ್ಮಾಪಕ ಎಂದು ಹೆಸರಿರುವುದು ಹರ್ಬಿ ಅಜೋರ್ ಅವರದು. ಹೆಚ್ಚಿನ ಹಾಡುಗಳ ಬರಹಗಾರ ಎಂದು ಹೆಸರಿರುವುದೂ ಅವರದೇ. ಹೆಣ್ಣಿನ ಕೆಚ್ಚಿನ ಮಾತನ್ನೂ ಗಂಡು ಬರೆದುಕೊಟ್ಟ, ಹೆಣ್ಣು ಹೇಳಿದಳು. ಇದನ್ನು ಮುಚ್ಚಿಡುವುದು ಬೇಡ. ಸಾಲ್ಟ್ ಇದನ್ನು ತಾನೇ ಮುರಿದಳು. 1989ರಲ್ಲಿ ಬಂದ 'ಎಕ್ಸ್‌ಪ್ರೆಶನ್' ಎಂಬ ಹಾಡನ್ನು ಬರೆದವಳೂ ಅವಳೇ, ನಿರ್ಮಿಸಿದವಳೂ ಅವಳೇ. ಅದೂ ಜನರ ನಡುವೆ ಗೆದ್ದಿತು. ನಮ್ಮ ಲೆಕ್ಕದಲ್ಲಿ ಆ ಪ್ಲಾಟಿನಂ ತಟ್ಟೆಗಿಂತ ಇದು ದೊಡ್ಡದು.

ಆದರೆ ಆ ಹಳೆಯ ಧ್ವನಿಮುದ್ರಣಗಳ ಒಡೆತನ? ಅಮೆರಿಕದ 1976ರ ಕಾಪಿರೈಟ್ ಕಾಯ್ದೆಯಲ್ಲಿ ಒಂದು ದಾರಿ ಇದೆ. ಬರೆದುಕೊಟ್ಟ ಹಕ್ಕನ್ನು 35 ವರ್ಷ ಕಳೆದ ಮೇಲೆ ಕಲಾವಿದರು ವಾಪಸು ಕೇಳಬಹುದು. ಸಾಲ್ಟ್ ಮತ್ತು ಪೆಪಾ ಕೇಳಿದರು. ಹಕ್ಕು ಈಗ ಯೂನಿವರ್ಸಲ್ ಎಂಬ ಮಹಾ ಕಂಪನಿಯ ಕೈಯಲ್ಲಿ ಸೇರಿತ್ತು. ಕಂಪನಿ ಒಪ್ಪಲಿಲ್ಲ. ತಾವು ಹಕ್ಕು ಕೇಳಿದ್ದಕ್ಕೆ ತಮ್ಮ ಹಾಡುಗಳನ್ನೇ ಅಮೆರಿಕದಲ್ಲಿ ಇಂಟರ್ನೆಟ್ಟಿನಿಂದ ಇಳಿಸಿಬಿಟ್ಟರು ಎಂದು 2025ರ ಮೇ ತಿಂಗಳಲ್ಲಿ ಆ ಇಬ್ಬರೂ ಕೋರ್ಟಿಗೆ ಹೋದರು. ಅಲ್ಲಿ ಕಂಪನಿ ಹೂಡಿದ ವಾದ ಏನು ಗೊತ್ತೇ? ಆ ಧ್ವನಿಮುದ್ರಣಗಳ ಒಡೆತನ ಈ ಹೆಣ್ಣುಮಕ್ಕಳದು ಆಗಿರಲೇ ಇಲ್ಲ, ಇಲ್ಲದ್ದನ್ನು ವಾಪಸು ಕೇಳುವುದು ಹೇಗೆ ಎಂದು. ಗಂಟಲು ಇವರದು, ಉಸಿರು ಇವರದು, ಹೆಸರು ಇವರದು. ಒಡೆತನ ಮಾತ್ರ ಮೊದಲಿಂದಲೂ ಇನ್ನೊಬ್ಬರದು! ಅದೇ ವರ್ಷ ನವೆಂಬರಿನಲ್ಲಿ ದೊಡ್ಡ ಸಭೆ ಕರೆದು ಅವರನ್ನು ರಾಕ್ ಸಂಗೀತದ ಕೀರ್ತಿಮಂದಿರಕ್ಕೆ ಸೇರಿಸಿ ಸನ್ಮಾನಿಸಿದರು. ಶಾಲು ಹೊದಿಸಿ ಪಟ್ಟಾ ಕಿತ್ತುಕೊಳ್ಳುವ ಕಲೆ ನಮ್ಮ ಊರಿನ ಗೌಡ-ಪಟೇಲರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆವು.

ಇನ್ನೊಂದು ತಂಡದ ಮಾತು. ಟಿಎಲ್‌ಸಿ, ಮೂವರು ಕಪ್ಪು ಹೆಣ್ಣುಮಕ್ಕಳು. 1994ರಲ್ಲಿ ಬಂದ ಅವರ 'ಕ್ರೇಜಿಸೆಕ್ಸಿಕೂಲ್' ಆಲ್ಬಮ್ ಅಮೆರಿಕದಲ್ಲೇ 1 ಕೋಟಿ ಪ್ರತಿ ಮುಟ್ಟಿತು. ಆ ಆಲ್ಬಮ್ ಅಂಗಡಿ ಅಂಗಡಿಯಲ್ಲಿ ಬಿಕರಿ ಆಗುತ್ತಿದ್ದ ಹೊತ್ತಿನಲ್ಲೇ, 1995ರಲ್ಲಿ, ಆ ಮೂವರು ದಿವಾಳಿ ಅರ್ಜಿ ಹಾಕಿದರು. ಅದು ಹೇಗೆ ಸಾಧ್ಯ? ಕಂಪನಿ ಮೊದಲು ಮುಂಗಡ ಕೊಡುತ್ತದೆ. ಮುದ್ರಣದ ಖರ್ಚು, ವಿಡಿಯೋ ಖರ್ಚು, ಓಡಾಟದ ಖರ್ಚು ಎಲ್ಲವನ್ನೂ ಕಲಾವಿದರ ಬಾಬ್ತಿಗೆ ಬರೆಯುತ್ತದೆ. ಅವರ ಪಾಲಿಗೆ ಬರುವ ಚೂರು ಪಾಲಿನಿಂದಲೇ ಅಷ್ಟೂ ತೀರಬೇಕು. ತೀರುವ ತನಕ ಕೈಗೆ ಕಾಸಿಲ್ಲ. ತೀರಿತೋ ಇಲ್ಲವೋ ಹೇಳುವವರು ಪುಸ್ತಕ ಇಟ್ಟುಕೊಂಡವರು.

ಗೆಳೆಯರೇ, ಇದಕ್ಕೆ ನಮ್ಮಲ್ಲಿ ಒಂದು ಪದ ಇದೆ. ಜೀತ. ಮಗಳ ಮದುವೆಗೆ ಮುಂಗಡ, ಗೌಡನ ಪುಸ್ತಕದಲ್ಲಿ ಹೆಬ್ಬೆಟ್ಟು, ದುಡಿದಷ್ಟೂ ಬಡ್ಡಿಗೆ, ಅಪ್ಪ ಸತ್ತರೆ ಮಗ. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. ಕಾಯ್ದೆ ಬಂದದ್ದು ಮೈಯ ಜೀತಕ್ಕೆ. ದನಿಯ ಜೀತ ಹಾಗೇ ನಡೆದಿದೆ. ನ್ಯೂಯಾರ್ಕಿನ ಗಾಯಕಿಯೂ ನಮ್ಮ ಜೀತದಾಳೂ ಒಂದೇ ಎಂದು ನಾವು ಹೇಳುತ್ತಿಲ್ಲ. ಅವರು ಕಾರಿನಲ್ಲಿ ಹೋಗಿ ವಕೀಲರನ್ನು ಹಿಡಿದಾರು. ನಮ್ಮವರ ಹತ್ತಿರ ತೋರಿಸಲು ಕಾಗದವೇ ಇಲ್ಲ. ಆದರೆ ಪುಸ್ತಕ ಬರೆಯುವ ಕೈ ಮಾತ್ರ ಒಂದೇ ಜಾತಿಯದು.

4

ನಮ್ಮವರ ಮಾತಿಗೆ ಬರೋಣ.

ಪಿರಿಯಾಪಟ್ಟಣದ ಕಡೆಯ ಒಂದು ಕೇರಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅವ್ವ ಇದ್ದಾರೆ. ಆ ನಾಲ್ವರು ಹುಡುಗಿಯರಲ್ಲಿ ಒಬ್ಬಳ ಅಜ್ಜಿ. 1997ರಲ್ಲಿ ಆ ಕೇರಿಯ ಏಳು ಜನ ಹೆಂಗಸರನ್ನು ಒಬ್ಬರು ವ್ಯಾನಿನಲ್ಲಿ ಪಟ್ಟಣಕ್ಕೆ ಕರೆದುಕೊಂಡು ಹೋದರು. ಒಂದು ಹಗಲು, ಒಂದು ರಾತ್ರಿ. ಸೋಬಾನೆ, ನಾಟಿ ಪದ, ಬೀಗರ ಪದ, ಎರಡು ಕ್ಯಾಸೆಟ್ಟಿಗೆ ಆಗುವಷ್ಟು ಹಾಡಿಸಿದರು. ತಲಾ ಒಂದು ಸೀರೆ, 50 ರೂಪಾಯಿ, ಊಟ. ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಏನು ಬರೆದಿತ್ತು ಅಂತ ಯಾರೂ ಓದಿ ಹೇಳಲಿಲ್ಲ.

ಅವ್ವನ ಮಾತಲ್ಲೇ ಕೇಳಿ: 'ಆಮೇಕೆ ಸಂತೇಲಿ ಹೋಟ್ಲ್ ಮುಂದೆ ನಿಂತಿದ್ದೆ ಕನಪ್ಪ. ಒಳಗಿಂದ ನನ್ ದನಿ ಬಂತು. ಎದೆ ಝಲ್ ಅಂತು. ಅಂಗಡಿಗ್ ಹೋಗಿ ಆ ಕ್ಯಾಸೆಟ್ ಕೊಡಿ ಅಂದೆ. ಇಪ್ಪತ್ತೈದ್ ರೂಪಾಯಿ ಅಂದ. ನನ್ ದನಿನ ನಾನೇ ಕೂಲಿ ದುಡ್ ಕೊಟ್ ಮನೆಗ್ ತಂದೆ.'

ಆ ಕ್ಯಾಸೆಟ್ಟಿನ ಹೊದಿಕೆಯನ್ನು ನಾವು ನೋಡಿದ್ದೇವೆ. ಮೇಲೆ ಬಿಂದಿಗೆ ಹೊತ್ತ ಯಾರೋ ಬೆಳ್ಳನೆಯ ಹೆಣ್ಣಿನ ಚಿತ್ರ. ಕೆಳಗೆ ಒಬ್ಬ ಗಂಡಸಿನ ಹೆಸರು, ಅದರ ಮುಂದೆ 'ಮತ್ತು ಸಂಗಡಿಗರು'. ಆ ಒಂದು 'ಸಂಗಡಿಗರು' ಎಂಬ ಪದದೊಳಗೆ ಏಳು ಜನ ಹೆಂಗಸರನ್ನು ತುಂಬಿ ಬಾಯಿ ಹೊಲಿದಿದ್ದಾರೆ. ಈಗ ಯಾರೋ ಅದನ್ನು ಯೂಟ್ಯೂಬಿಗೆ ಏರಿಸಿದ್ದಾರೆ. ಏರಿಸಿದವನ ಹೆಸರಿದೆ. ಜಾಹೀರಾತು ಬರುತ್ತದೆ, ಕಾಸೂ ಬರುತ್ತದೆ. ಏಳರಲ್ಲಿ ನಾಲ್ಕು ಜನ ಈಗ ಮಣ್ಣಿನೊಳಗಿದ್ದಾರೆ. ದನಿ ಮಾತ್ರ ಇನ್ನೂ ಕೂಲಿ ಮಾಡುತ್ತಿದೆ.

ಈ ಸೀಮೆಯವರಿಗೆ ಇನ್ನೊಂದು ಹೋಲಿಕೆ ಬೇಗ ಹತ್ತುತ್ತದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ತಂಬಾಕು ಹರಾಜು ಮಾರುಕಟ್ಟೆಗೆ ಹೋಗಿ ನೋಡಿ. ಪ್ರತಿ ಬೇಲಿಗೂ ಚೀಟಿ ಇದೆ. ಬೆಳೆಗಾರನ ಹೆಸರಿಗೆ ಮಂಡಳಿಯಲ್ಲಿ ನೋಂದಣಿ ಇದೆ, ಕೊಳ್ಳುವ ಕಂಪನಿಗೆ ಪರವಾನಗಿ ಇದೆ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಲು ಎತ್ತಿಕೊಟ್ಟ ಹೆಂಗಸಿಗೆ ಏನಿದೆ? ಅವಳ ಬೆರಳ ಕಪ್ಪಿಗೆ ಚೀಟಿ ಇಲ್ಲ. ಹಾಡಿನ ಹರಾಜಿನಲ್ಲೂ ಅಷ್ಟೆ.

'ಜನಪದಕ್ಕೆ ಕರ್ತೃವಿಲ್ಲ' ಎಂದು ಪಾಠ ಹೇಳುತ್ತಾರೆ. ಎಷ್ಟು ಚಂದದ ಮಾತು! ಕರ್ತೃವಿಲ್ಲ, ಆದ್ದರಿಂದ ಪಾಲು ಕೊಡಬೇಕಾಗಿಲ್ಲ. ಸಂಗ್ರಹಕಾರರ ಹೆಸರು ರಟ್ಟಿನ ಮೇಲೆ, ಹಾಡಿದವಳ ಹೆಸರು ಕೊನೇ ಪುಟದ ಸಣ್ಣಕ್ಷರದಲ್ಲಿ, ಅದೂ ಇದ್ದರೆ. ಹಾಡಿದವರ ಹೆಸರು, ಊರು ಬರೆದುಕೊಂಡ ಪ್ರಾಮಾಣಿಕರೂ ಇದ್ದಾರೆ, ಅವರಿಗೆ ನಮ್ಮ ನಮಸ್ಕಾರ. ಉಳಿದವರನ್ನು ಕೇಳುತ್ತೇವೆ: ಕರ್ತೃ ಇರಲಿಲ್ಲವೋ, ನೀವು ಕೇಳಲಿಲ್ಲವೋ?

ಇದು ಹಳೆಯ ಕತೆ ಅನ್ನಬೇಡಿ. ಪಕ್ಕದ ತಮಿಳುನಾಡಿನಲ್ಲಿ 2021ರಲ್ಲಿ ಬಂದ 'ಎಂಜಾಯ್ ಎಂಜಾಮಿ'ಯನ್ನು ನಮ್ಮ ಹಳ್ಳಿಗಳಲ್ಲೂ ಕುಣಿದು ಕೇಳಿದರು. ಚಹಾ ತೋಟದಲ್ಲಿ ದುಡಿದ ತನ್ನ ಅಜ್ಜಿಯ ಬದುಕಿನಿಂದ ಆ ಪದ ಕಟ್ಟಿದವರು ದಲಿತ ಕವಿ ಅರಿವು. ಅದೇ ವರ್ಷ ಸಂಗೀತ ಪತ್ರಿಕೆಯೊಂದು ಆ ಹಾಡಿನ ಕೀರ್ತಿಯನ್ನು ಮುಖಪುಟಕ್ಕೆ ತಂದಾಗ ಅಲ್ಲಿ ಅರಿವು ಇರಲಿಲ್ಲ. ನಿರ್ದೇಶಕ ಪಾ. ರಂಜಿತ್ ಬಹಿರಂಗವಾಗಿ ಕೇಳಿದರು, ಜನ ಕೇಳಿದರು. ಕೇಳಿದ್ದರಿಂದಲೇ ಅದು ಸುದ್ದಿಯಾಯಿತು. ನಮ್ಮ ಏಳು ಹೆಂಗಸರ ಪರವಾಗಿ ಕೇಳಿದವರು ಯಾರು?

5

ಇಲ್ಲಿ ನಾವು ನಮ್ಮ ಮುಖಕ್ಕೇ ಕನ್ನಡಿ ಹಿಡಿದುಕೊಳ್ಳಬೇಕು.

ಹೋರಾಟದ ವೇದಿಕೆಯಲ್ಲಿ ಹೆಣ್ಣುಮಕ್ಕಳಿಗೆ ನಾವು ಕೊಟ್ಟ ಜಾಗ ಯಾವುದು? ಶುರುವಿನಲ್ಲಿ ಒಂದು ಹಾಡು. ಅದೂ ಗಂಡಸರು ಬರೆದ ಹಾಡು. ಹಾಡಿ ಆದ ಮೇಲೆ ಕೆಳಗೆ ಹೋಗಿ ಕೂರಬೇಕು. ಆಮೇಲೆ ಮೂರು ಗಂಟೆ ಗಂಡಸರ ಭಾಷಣ. ನಮ್ಮ ಹೋರಾಟದ ಕ್ಯಾಸೆಟ್ಟುಗಳಲ್ಲೂ ಹಿಂದೆ ದನಿ ಕೂಡಿಸಿದ ಅಕ್ಕತಂಗಿಯರು 'ಸಂಗಡಿಗರು'. ಬಂಡವಾಳಶಾಹಿ ಸರಕು ಎಂದು ಗುಡುಗಿದ ಸಂಗಾತಿಯೂ, ಈ ಸಾಲು ಬರೆಯುತ್ತಿರುವ ನಾವೂ ಅದೇ ಹೊದಿಕೆ ಅಚ್ಚು ಹಾಕಿಸಿದವರೇ.

ಹೆಣ್ಣುಮಕ್ಕಳ ನಡುವೆಯೂ ಲೆಕ್ಕ ತಾನಾಗಿ ನೇರವಾಗುವುದಿಲ್ಲ. ಮೂರನೆಯವಳು ಸ್ಪಿಂಡರೆಲ್ಲಾ 2019ರಲ್ಲಿ ತನಗೆ ಬರಬೇಕಾದ ಪಾಲು ಬಂದಿಲ್ಲ ಎಂದು ಸಾಲ್ಟ್ ಮತ್ತು ಪೆಪಾ ಮೇಲೇ ಕೋರ್ಟಿಗೆ ಹೋದಳು. ನಾಳೆ ನಮ್ಮ ನಾಲ್ವರಲ್ಲಿ ಹಾಡಿಯ ಹುಡುಗಿ ಹಿಂದಕ್ಕೆ ಉಳಿದರೆ? ತಮಟೆಯವಳ ಹೆಸರು ಬಿಟ್ಟುಹೋದರೆ? ತಮಟೆ ಬಡಿಯುವುದನ್ನು ಊರವರು ನಮ್ಮ ಮೇಲೆ ಹೇರಿದ ಚಾಕರಿ ಎಂದು ನಾವು ಬಿಟ್ಟೆವು. ಸರಿಯಾಗೇ ಬಿಟ್ಟೆವು. ಈಗ ಆ ಹುಡುಗಿ ಯಾರ ಹೆಣಕ್ಕೂ ಅಲ್ಲ, ಯಾರ ಹಬ್ಬಕ್ಕೂ ಅಲ್ಲ, ತನಗೆ ಬೇಕೆಂದು ಎತ್ತಿಕೊಂಡಿದ್ದಾಳೆ. ಅದನ್ನು ಮತ್ತೆ ಬಿಟ್ಟಿ ಮಾಡಬಾರದು.

ಹಾಗಾದರೆ ಏನು ಮಾಡಬೇಕು? ಹಳ್ಳಿ ಮೇಷ್ಟ್ರುಗಳೇ, ಹಾಸ್ಟೆಲ್ ಹುಡುಗರೇ, ಹುಡುಗಿಯರೇ, ಕಿವಿಗೊಟ್ಟು ಕೇಳಿ. ಕಾಯ್ದೆ ನಮ್ಮ ಕಡೆಗೂ ಸ್ವಲ್ಪ ಇದೆ, ನಮಗೆ ಗೊತ್ತಿರಲಿಲ್ಲ ಅಷ್ಟೆ. 1957ರ ಕಾಪಿರೈಟ್ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ಬಂದು ಹಾಡುವವರಿಗೆ, ಬಾರಿಸುವವರಿಗೆ ತಮ್ಮದೇ ಒಂದು ಹಕ್ಕು ಸಿಕ್ಕಿತು. ಅದರ ಆಯುಷ್ಯ ಇವತ್ತು 50 ವರ್ಷ. 2012ರ ತಿದ್ದುಪಡಿ ಅದನ್ನು ಗಟ್ಟಿ ಮಾಡಿತು. ಹಾಡಿದ್ದನ್ನು ವ್ಯಾಪಾರಕ್ಕೆ ಬಳಸಿದರೆ ರಾಯಧನ ಕೇಳಬಹುದು. ಹಾಡಿದವಳು ನಾನು ಎಂದು ಹೆಸರು ಹಾಕಿಸಿಕೊಳ್ಳುವ ಹಕ್ಕೂ ಇದೆ. ಪದ ಇಡೀ ಊರಿನದಿರಬಹುದು, ಹಾಡಿದ ದನಿ ಅವಳದು. ಹಕ್ಕು ಬರೆದುಕೊಡುವುದಾದರೆ ಬರಹದಲ್ಲೇ ಇರಬೇಕು, ಸಹಿ ಇರಬೇಕು, ಎಷ್ಟು ಕಾಲಕ್ಕೆ, ಎಷ್ಟು ಹಣಕ್ಕೆ ಎಂದು ಇರಬೇಕು. ಕಾಲ ಬರೆಯದೆ ಬಿಟ್ಟಿದ್ದರೆ ಅದು 5 ವರ್ಷಕ್ಕೆ ಮಾತ್ರ ಎಂದು ಕಾಯ್ದೆಯೇ ಹೇಳುತ್ತದೆ. ಒಂದು ಸೀರೆಗೆ ಇಡೀ ಆಯುಷ್ಯದ ದನಿ ಹೋಗಬೇಕಾಗಿಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ನಾಲ್ಕೂ ತಾಲ್ಲೂಕಿನ ಪ್ರತಿ ಕೇರಿ, ಪ್ರತಿ ಹಾಡಿಯಲ್ಲಿ ಹಾಡುವ ಹೆಂಗಸರ ಹೆಸರನ್ನು ಮೇಷ್ಟ್ರುಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಯಾರೇ ಬಂದು ಹಾಡಿಸಿಕೊಂಡರೂ, ಕ್ಯಾಮೆರಾದವರಿರಲಿ, ವಿಶ್ವವಿದ್ಯಾಲಯದವರಿರಲಿ, ನಮ್ಮ ಸಂಘಟನೆಯವರೇ ಇರಲಿ, ಕಾಗದವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳದೆ ಹೆಬ್ಬೆಟ್ಟು ಬೀಳಬಾರದು. ಒಂದು ಪ್ರತಿ ಹಾಡಿದವರ ಮನೆಯ ಟ್ರಂಕಿನಲ್ಲಿರಬೇಕು. 'ಸಂಗಡಿಗರು' ಎಂಬ ಪದವನ್ನು ನಮ್ಮ ಹೊದಿಕೆಗಳಿಂದ, ಕರಪತ್ರಗಳಿಂದ ತೆಗೆದು ಹಾಕೋಣ. ಎಲ್ಲರ ಹೆಸರು, ಒಂದೇ ಅಳತೆಯ ಅಕ್ಷರ.

ದಾರಿ ತೋರಿದವರು ಆಗಲೇ ಇದ್ದಾರೆ. ಚೆನ್ನೈಯ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ತಂಡದಲ್ಲಿ ಗಂಡಸರದೇ ಆಗಿದ್ದ ಗಾನಾ ಹಾಡನ್ನು ಇಸೈವಾಣಿ ತನ್ನದು ಮಾಡಿಕೊಂಡಳು. ಪಂಜಾಬಿನಲ್ಲಿ ಗಿನ್ನಿ ಮಾಹಿ, ಬೈಗುಳವಾಗಿದ್ದ ಜಾತಿಯ ಹೆಸರನ್ನೇ ಹೆಮ್ಮೆಯಿಂದ ಹಾಡಿದಳು. ಮುಂಬಯಿಯಲ್ಲಿ ವೈಲ್ಡ್ ವೈಲ್ಡ್ ವಿಮೆನ್ ಎಂಬ ಹೆಣ್ಣುಮಕ್ಕಳದೇ ಹಿಪ್-ಹಾಪ್ ತಂಡ ಎದ್ದಿದೆ. ಬೆಂಗಳೂರಿನಲ್ಲಿ ಸಿರಿ ಕನ್ನಡದಲ್ಲೂ ರ‍್ಯಾಪ್ ಹೇಳಿದ್ದಾಳೆ. ಹುಣಸೂರಿನಿಂದಲೂ ಒಂದು ಆಲ್ಬಮ್ ಬರಲಿ. ಲಕ್ಷಗಟ್ಟಲೆ ಮಾರಾಟವಾಗಲಿ. ನಾವು ಹೊಟ್ಟೆ ಉರಿದುಕೊಳ್ಳುವುದಿಲ್ಲ. ಆದರೆ ಲೆಕ್ಕದ ಪುಸ್ತಕ ಆ ಹುಡುಗಿಯರ ಹಾಸ್ಟೆಲ್ ಟ್ರಂಕಿನಲ್ಲಿರಲಿ, ಬೀಗದ ಕೈ ಅವರ ಸೊಂಟದಲ್ಲಿರಲಿ.

ಜಯಂತಿಯ ದಿನ ಆ ಅಜ್ಜಿಯೂ ಬಂದಿದ್ದರು. ಮೊಮ್ಮಗಳು ಮೈಕು ಹಿಡಿದು ಉಸಿರು ಕಟ್ಟಿ ಹೇಳುತ್ತಿದ್ದುದನ್ನು ಕೆಳಗೆ ಚಾಪೆ ಮೇಲೆ ಕೂತು ಕೇಳಿದರು. ವಿದ್ವಾಂಸರು ಕಸ ಎಂದರು, ಸಂಗಾತಿ ಸರಕು ಎಂದರು. ಅಜ್ಜಿಯನ್ನೂ ನಾವು ಕೇಳಿದೆವು, ಹೆಂಗಿತ್ತವ್ವ ಎಂದು. 'ಬೀಗರ ಪದನೇ ಕನಪ್ಪ. ಬಿರ್ರನೆ ಹೇಳ್ತವೆ ಅಷ್ಟೆಯ' ಎಂದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ ಕೇಳಿದರು:

'ಎಲ್ಲೂ ಹೆಬ್ಬೆಟ್ ಒತ್ತಿಲ್ಲ ತಾನೆ ಮಗಾ?'